ಕೀ ಕೊಡುವ ಮುಂಚೆ



ಕಳೆದ ಸಂಚಿಕೆಯಲ್ಲಿ ಹಪ್ಪಳ ಸಂಡಿಗೆಗೆ ಬೂಷ್ಟು ಹಿಡಿಯದ ಹಾಗೆ ಇಡುವುದು ಹೇಗೆ ಅಂತ ಬರೆದಿದ್ದೆ. ಹಲವರು ಕಾಗದ ಬರೆದು ನಿಮ್ಮ ನಿಮ್ಮ ಮನೆಯ ಉಪಾಯಗಳನ್ನೂ ತಿಳಿಸಿದ್ದೀರಿ. ಅವನ್ನು ಮುಂದೊಮ್ಮೆ ಹಂಚಿಕೊಳ್ಳೋಣ. ಈ ಸಲದ ಮಾತು ಅಡುಗೆಮನೆಯಲ್ಲೇ ಶುರುವಾದರೂ ಅಡುಗೆಯದಲ್ಲ.

ನಮ್ಮ ಅಡುಗೆಮನೆ ಬಾಗಿಲ ಪಕ್ಕ ಗೋಡೆಗೆ ಮೂರು ಮೊಳೆ ಹೊಡೆದಿದೆ. ಎರಡಕ್ಕೆ ಗಾಡಿಗಳ ಕೀ, ಮೂರನೆಯದಕ್ಕೆ ಮನೆಯ ಬೀಗದಕೈ. ನಮ್ಮವರು ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗುವ ಎರಡು ಮಿನಿ ಬಸ್ಸು ಇಟ್ಟಿದ್ದಾರೆ. ಒಂದನ್ನು ಅವರೇ ಓಡಿಸುತ್ತಾರೆ, ಇನ್ನೊಂದಕ್ಕೆ ಡ್ರೈವರ್ ಇದ್ದಾನೆ. ಬೆಳಿಗ್ಗೆ ಆರು ಗಂಟೆಗೆ ಡ್ರೈವರ್ ಹಿತ್ತಲ ಬಾಗಿಲಿಗೆ ಬಂದು "ಅಕ್ಕಾ" ಅನ್ನುತ್ತಾನೆ. ಒಂದು ಲೋಟ ಕಾಫಿ, ಮೊಳೆಯ ಮೇಲಿನ ಕೀ, ಎರಡನ್ನೂ ನಾನೇ ಕೊಡುವುದು. ಗಾಡಿಯ ಕಾಗದಪತ್ರದಲ್ಲಿ ನನ್ನ ಹೆಸರಿಲ್ಲ. ಆದರೂ ಕೀ ಹೋಗುವುದು ನನ್ನ ಕೈಯಿಂದಲೇ. ಈ ಮಾತಿನ ಭಾರ ನನಗೆ ತಿಳಿದದ್ದು ತಡವಾಗಿ.

2024ರ ಏಪ್ರಿಲ್ 11ರಂದು ಹರಿಯಾಣದ ಮಹೇಂದ್ರಗಢ ಜಿಲ್ಲೆಯ ಕನೀನಾ ಬಳಿ ಶಾಲಾ ಬಸ್ಸೊಂದು ಮರಕ್ಕೆ ಬಡಿದು ಮಗುಚಿ ಆರು ಮಕ್ಕಳು ತೀರಿಹೋದ ಸುದ್ದಿ ನಿಮಗೂ ನೆನಪಿರಬಹುದು. ಡ್ರೈವರ್ ಕುಡಿದಿದ್ದ ಎಂದು ಆಗ ವರದಿಯಾಗಿತ್ತು. ನನ್ನ ಹೊಟ್ಟೆಗೆ ಕೊಳ್ಳಿ ಇಟ್ಟ ಹಾಗಾದದ್ದು ಅದರ ಜೊತೆಗೇ ಪತ್ರಿಕೆಯಲ್ಲಿ ಬಂದ ಇನ್ನೊಂದು ಸಂಗತಿಯಿಂದ. ದಾರಿಯಲ್ಲಿ ಹಳ್ಳಿಯ ಜನ ಅವನ ಸ್ಥಿತಿ ನೋಡಿ ಗಾಡಿಯ ಕೀ ಕಿತ್ತುಕೊಂಡಿದ್ದರಂತೆ. ಶಾಲೆಗೆ ಫೋನ್ ಮಾಡಿದಾಗ, ಈಗ ಬಿಟ್ಟುಬಿಡಿ ಎಂಬ ಮಾತು ಬಂದು ಕೀ ವಾಪಸು ಕೊಟ್ಟರಂತೆ. "ಕೈಗೆ ಬಂದ ಕೀಯನ್ನು ಯಾಕಾದರೂ ಕೊಟ್ಟರೋ ಪುಣ್ಯಾತ್ಮರು!" ಅಂತ ನಾನು ಅಂದು ಎರಡು ದಿನ ಗೊಣಗಿದ್ದೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ನಾನೂ ಅದನ್ನೇ ಮಾಡಿದೆ.

ಜೂನ್ ತಿಂಗಳು, ಶಾಲೆ ಶುರುವಾಗಿ ಎರಡನೇ ವಾರ, ಸೋಮವಾರ. ಡ್ರೈವರ್ ಬಂದ. ಅವನ ಹೆಸರು ಇಲ್ಲಿ ಬೇಡ, ಹೆಂಡತಿ ಮಕ್ಕಳಿರುವವನು. ನಮ್ಮಲ್ಲಿ ಒಂಬತ್ತು ವರ್ಷ ದುಡಿದವನು, ನನಗೆ ತಮ್ಮನ ಹಾಗಿದ್ದವನು. ಅಂದು ಅವನ ಬಾಯಿಂದ ಏಲಕ್ಕಿ ಘಮಘಮ ಅನ್ನುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಏಲಕ್ಕಿ ಯಾರು ತಿನ್ನುತ್ತಾರೆ ಹೇಳಿ? ಕಣ್ಣು ಕೆಂಪಗಿತ್ತು. "ಏನೋ ಇದು?" ಅಂದೆ. "ನಿನ್ನೆ ರಾತ್ರಿ ಬೀಗರೂಟ ಇತ್ತು ಅಕ್ಕಾ. ಬೆಳಿಗ್ಗೆಯಿಂದ ಒಂದು ತೊಟ್ಟೂ ಮುಟ್ಟಿಲ್ಲ, ದೇವರಾಣೆ" ಅಂದ. ನಮ್ಮವರು ಆಗಲೇ ಇನ್ನೊಂದು ಗಾಡಿ ತೆಗೆದುಕೊಂಡು ಹೋಗಿದ್ದರು. ಮಕ್ಕಳು ಗೇಟಿನ ಮುಂದೆ ಚೀಲ ಹಾಕಿಕೊಂಡು ಕಾಯುತ್ತಿರುತ್ತವೆ. ನಾನೇನು ಮಾಡಿದೆ ಗೊತ್ತೇ? ಒಂದು ದೊಡ್ಡ ಲೋಟ ಮಜ್ಜಿಗೆಗೆ ನಿಂಬೆಹಣ್ಣು ಹಿಂಡಿ ಕುಡಿಸಿ, "ನಿಧಾನ ಹೋಗಪ್ಪಾ" ಅಂತ ಹೇಳಿ ಕೀ ಕೊಟ್ಟೆ.

ಕೆರೆ ಏರಿಯ ತಿರುವಿನಲ್ಲಿ ಎದುರಿಗೆ ಎಮ್ಮೆ ಬಂತಂತೆ. ಬ್ರೇಕ್ ಹಾಕುವುದು ತಡವಾಗಿ, ಹಾಕಿದ್ದು ಜೋರಾಗಿ, ಯುಕೆಜಿ ಮಗುವೊಂದರ ಬಾಯಿ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ತುಟಿಗೆ ಎರಡು ಹೊಲಿಗೆ. ಅಷ್ಟರಲ್ಲೇ ಹೋಯಿತು, ದೇವರು ದೊಡ್ಡವನು. ಸಂಜೆ ಆ ಮಗುವಿನ ತಾಯಿ ನಮ್ಮ ಮನೆಗೆ ಬಂದಳು. ಜಗಳ ಆಡಲಿಲ್ಲ. "ಅವನು ಬೆಳಿಗ್ಗೆ ಹೇಗಿದ್ದ ಅಕ್ಕಾ? ನೀವು ನೋಡಿದ್ರಾ?" ಅಂತ ಅಷ್ಟೇ ಕೇಳಿದಳು. ನೋಡಿದ್ದೆ. ಆದರೆ ಏನು ಹೇಳಲಿ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು.

ಅವತ್ತಿನಿಂದ ಈ ವಿಷಯವನ್ನು ಕೇಳಿ, ಓದಿ ಒಂದಿಷ್ಟು ತಿಳಿದುಕೊಂಡಿದ್ದೇನೆ. ಮನೆಯಲ್ಲಿ ಡ್ರೈವರ್ ಇರುವವರು, ಗಾಡಿ ಇಟ್ಟಿರುವವರು, ಮಕ್ಕಳನ್ನು ಗಾಡಿ ಹತ್ತಿಸಿ ಕಳಿಸುವವರು, ಎಲ್ಲರೂ ತಿಳಿದಿರಬೇಕಾದದ್ದು ಇದು.

ಮೊದಲು, ನಾನು ಕುಡಿಸಿದ ಮಜ್ಜಿಗೆಯ ವಿಚಾರ. ಮಜ್ಜಿಗೆ, ನಿಂಬೆರಸ, ಕಪ್ಪು ಕಾಫಿ, ತಣ್ಣೀರ ಸ್ನಾನ, ಇವು ಯಾವುವೂ ರಕ್ತಕ್ಕೆ ಸೇರಿದ ಮದ್ಯವನ್ನು ಬೇಗ ಇಳಿಸುವುದಿಲ್ಲ. ಕಾಫಿ ಕಣ್ಣು ಬಿಡಿಸೀತು, ಅಮಲು ಇಳಿಸಲಾರದು. ಏಲಕ್ಕಿ, ಸೋಂಪು, ಎಲೆಅಡಿಕೆ ಬಾಯಿಯ ವಾಸನೆಯನ್ನು ಮುಚ್ಚಬಹುದು. ಆದರೆ ಊದುವ ಮೆಷಿನ್ನು ಹಿಡಿಯುವುದು ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಿನಲ್ಲಿ ಹೊರಡುವ ಮದ್ಯವನ್ನು. ಏಲಕ್ಕಿಗೆ ಅದು ಮೋಸ ಹೋಗುವುದಿಲ್ಲ, ನಾವು ಮಾತ್ರ ಹೋಗುತ್ತೇವೆ.

ಮದ್ಯವನ್ನು ಕರಗಿಸುವುದು ಮುಖ್ಯವಾಗಿ ಪಿತ್ತಜನಕಾಂಗ, ಅಂದರೆ ಲಿವರ್. ಅದರ ಕೆಲಸ ಒಂದೇ ಒಲೆಯಲ್ಲಿ ಮದುವೆ ಮನೆಯ ಅಡುಗೆ ಮಾಡಿದ ಹಾಗೆ. ಎಷ್ಟು ಅವಸರ ಮಾಡಿದರೂ ಒಲೆ ಎರಡಾಗುವುದಿಲ್ಲ. ಹೈಸ್ಕೂಲಿನ ಲೆಕ್ಕ ಸಾಕು, ನೀವೂ ಮಾಡಿ ನೋಡಿ. ಒಂದು ಕ್ವಾರ್ಟರ್ ಅಂದರೆ 180 ಮಿಲಿಲೀಟರ್. ನಮ್ಮ ಕಡೆ ಮಾರುವ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಪಾಲು ಆಲ್ಕೋಹಾಲ್ ಇರುತ್ತದೆ. ಅಂದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ಇದನ್ನು ಕುಡಿದ 60 ಕಿಲೋ ತೂಕದ ಗಂಡಸಿನ 100 ಮಿಲಿಲೀಟರ್ ರಕ್ತದಲ್ಲಿ ಅದು ಸುಮಾರು 140 ಮಿಲಿಗ್ರಾಮಿಗೆ ಏರುತ್ತದೆ. ಇಳಿಯುವುದು ಗಂಟೆಗೆ ಸುಮಾರು 15. ರಾತ್ರಿ 11ಕ್ಕೆ 140 ಇದ್ದರೆ ಬೆಳಿಗ್ಗೆ 6ಕ್ಕೆ ಏಳು ಗಂಟೆ ಕಳೆದು 105 ಇಳಿದಿರುತ್ತದೆ, ಇನ್ನೂ 35 ಉಳಿದಿರುತ್ತದೆ. ನಮ್ಮ ದೇಶದ ಕಾನೂನಿನ ಮಿತಿ 30!

ಎರಡು ಕ್ವಾರ್ಟರ್ ಆದರೆ? ಪೂರ್ತಿ ಇಳಿಯುವುದಕ್ಕೆ ಮಾರನೇ ದಿನ ಸಂಜೆ ಐದು ದಾಟುತ್ತದೆ. ಅಷ್ಟು ಹೊತ್ತಿಗೆ ಮಕ್ಕಳನ್ನು ಶಾಲೆಯಿಂದ ವಾಪಸು ತಂದು ಬಿಟ್ಟೂ ಆಗಿರುತ್ತದೆ. ಒಬ್ಬೊಬ್ಬರ ಮೈಗೆ ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಆದರೆ "ರಾತ್ರಿ ಕುಡಿದದ್ದು ಬೆಳಿಗ್ಗೆಗೆ ಹೋಯಿತು" ಅನ್ನುವುದು ಎಂಥ ಸುಳ್ಳು ಧೈರ್ಯ ಅಂತ ಇದರಿಂದ ತಿಳಿಯುತ್ತದಲ್ಲ. ನಮ್ಮ ಡ್ರೈವರ್ ದೇವರಾಣೆ ಹಾಕಿದ್ದು ಸುಳ್ಳಲ್ಲ. ಬೆಳಿಗ್ಗೆ ಅವನು ಮುಟ್ಟಿರಲಿಲ್ಲ, ನಿಜ. ರಾತ್ರಿಯದೇ ಮೈಯಲ್ಲಿತ್ತು. 2024ರಲ್ಲಿ ಬೆಂಗಳೂರಿನ ಸಂಚಾರ ಪೊಲೀಸರು ಬೆಳಗಿನ ಹೊತ್ತೇ ಶಾಲಾ ವಾಹನಗಳನ್ನು ನಿಲ್ಲಿಸಿ ಊದಿಸಿದಾಗಲೂ ಕುಡಿದಿದ್ದ ಡ್ರೈವರುಗಳು ಸಿಕ್ಕಿಬಿದ್ದರು.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. 2019ರ ಸೆಪ್ಟೆಂಬರಿನಿಂದ ದಂಡ ಏರಿದೆ. ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಮತ್ತೆ ಸಿಕ್ಕಿದರೆ 15,000 ರೂಪಾಯಿ ದಂಡ ಅಥವಾ 2 ವರ್ಷದವರೆಗೆ ಸಜೆ, ಇಲ್ಲವೇ ಎರಡೂ. ಗಾಂಜಾ ಮುಂತಾದ ಅಮಲಿನಲ್ಲಿ ಹತೋಟಿ ಇಲ್ಲದೆ ಓಡಿಸಿದರೂ ಇದೇ ಕಲಂ. ನನ್ನ ಎದೆ ಝಲ್ಲೆಂದದ್ದು 188ನೇ ಕಲಂ ಓದಿದಾಗ. ಇಂಥ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ ಅಂತ ಅದರಲ್ಲಿದೆ. ತಿಳಿದೂ ತಿಳಿದೂ ಕೀ ಕೊಡುವ ನಮ್ಮಂಥವರು ಯೋಚನೆ ಮಾಡಬೇಕಾದ ಮಾತು. ಡ್ರೈವರ್ ಕುಡಿದಿದ್ದ ಅಂತಾದರೆ ವಿಮೆಯವರೂ ನಮ್ಮ ಗಾಡಿಯ ರಿಪೇರಿ ಖರ್ಚಿಗೆ ಕೈ ಎತ್ತಿಬಿಡುತ್ತಾರೆ.

ರೈಲು ಎಂಜಿನ್ ಓಡಿಸುವವರು ಡ್ಯೂಟಿಗೆ ಸಹಿ ಹಾಕುವಾಗಲೇ ಊದಬೇಕು. ವಿಮಾನ ಹಾರಿಸುವವರು ಹಾರುವ 12 ಗಂಟೆ ಮುಂಚಿನಿಂದ ಕುಡಿಯುವಂತಿಲ್ಲ, ಊದಿದರೆ ಸೊನ್ನೆಯೇ ಬರಬೇಕು. ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳು ಲೈಸೆನ್ಸ್ ಅಮಾನತು, ಎರಡನೇ ಸಲ 3 ವರ್ಷ, ಮೂರನೇ ಸಲ ರದ್ದು. 2022ರ ಜನವರಿ 31ರಿಂದ ಗಾಂಜಾ, ಕೊಕೇನು ಮುಂತಾದವುಗಳಿಗೂ ಅಲ್ಲಿ ಪರೀಕ್ಷೆ ಇದೆ. ಅಷ್ಟು ಓದಿದವರು, ಅಷ್ಟು ಸಂಬಳದವರು ಮರುಮಾತಿಲ್ಲದೆ ಊದುತ್ತಾರೆ. ನಮ್ಮ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಊದಿದರೆ ಮಾನ ಹೋಗುತ್ತದೆಯೇ?

ನಮ್ಮವರು ಮೊದಲು ಒಪ್ಪಲಿಲ್ಲ. "ಒಂಬತ್ತು ವರ್ಷದ ನಂಬಿಕೆ ಕಣೇ, ಕಳ್ಳನ ಹಾಗೆ ಊದಿಸಿದರೆ ಬೇಜಾರು ಮಾಡ್ಕೊಳ್ತಾನೆ" ಅಂದರು. ಅದೂ ಸರಿಯೇ. ಅದಕ್ಕೆ ನಾನು ಒಂದೇ ಷರತ್ತು ಹಾಕಿದೆ: "ಮೊದಲು ನೀವು ಊದಿ. ಆಮೇಲೆ ಅವನು." ಅವರು ನಕ್ಕರು, ಆದರೆ ಮೆಷಿನ್ನು ತಂದರು.

ಮಾಲೀಕನೂ ಊದಬೇಕು ಅನ್ನುವುದು ನನ್ನ ಸ್ವಂತ ಬುದ್ಧಿ ಅಂದುಕೊಂಡಿದ್ದೆ. ಆಮೇಲೆ ಓದಿದರೆ ಅಮೆರಿಕದಲ್ಲಿ ಅದೇ ಕಾನೂನಂತೆ! ಅಲ್ಲಿ 1987ರ ಜನವರಿ 4ರಂದು ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ ರೈಲು ಅಪಘಾತವಾಗಿ 16 ಜನ ಸತ್ತರು. ಅಡ್ಡ ಬಂದ ಎಂಜಿನ್ನುಗಳಲ್ಲಿದ್ದ ಸಿಬ್ಬಂದಿ ಗಾಂಜಾ ಸೇದಿದ್ದರು. 1991ರ ಆಗಸ್ಟ್ 28ರಂದು ನ್ಯೂಯಾರ್ಕಿನ ಸುರಂಗದ ರೈಲು ಹಳಿ ತಪ್ಪಿ 5 ಜನ ಹೋದರು. ಓಡಿಸುತ್ತಿದ್ದವನು ಕುಡಿದಿದ್ದ. ಅದೇ ವರ್ಷ ಅಲ್ಲಿ ಲಾರಿ, ಬಸ್ಸು, ರೈಲು, ವಿಮಾನ ನಡೆಸುವ ಎಲ್ಲ ಮಾಲೀಕರೂ ಕೆಲಸಗಾರರಿಗೆ ಪರೀಕ್ಷೆ ಮಾಡಿಸಲೇಬೇಕೆಂಬ ಕಾನೂನು ಬಂತು. ಕೆಲಸಕ್ಕೆ ಸೇರಿಸುವ ಮುಂಚೆ ಒಂದು ಪರೀಕ್ಷೆ. ಆಮೇಲೆ ಹೆಸರು ಎತ್ತಿ ಹೇಳದೆ ಕೇಳದೆ ಯಾವುದೋ ಒಂದು ದಿನ. ಅಪಘಾತವಾದರೆ, ಅನುಮಾನ ಬಂದರೆ ಮತ್ತೆ. ಲಾರಿ, ಬಸ್ಸಿನ ಡ್ರೈವರಿಗೆ ಮದ್ಯದ ಪ್ರಮಾಣ 40 ಮಿಲಿಗ್ರಾಂ ಮುಟ್ಟಿದರೆ ಕೆಲಸದಿಂದ ಇಳಿಸಬೇಕು. 20ರಿಂದ 40ರ ಒಳಗಿದ್ದರೂ 24 ಗಂಟೆ ಕೀ ಕೊಡುವಂತಿಲ್ಲ. ಸ್ವಂತ ಲಾರಿಯನ್ನು ತಾನೇ ಓಡಿಸುವ ಒಂಟಿ ಮಾಲೀಕನೂ ಬೇರೆಯವರ ಜೊತೆ ಒಂದು ಗುಂಪಿಗೆ ಸೇರಿ ತನ್ನ ಹೆಸರಿನ ಚೀಟಿ ಹಾಕಿಸಿಕೊಳ್ಳಬೇಕು.

ನಮ್ಮ ಮನೆಯಲ್ಲಿ ಮಾಡಿಕೊಂಡ ಕ್ರಮ ಹೇಳುತ್ತೇನೆ. ಕೆಲಸಕ್ಕೆ ಸೇರುವ ದಿನವೇ ಹೇಳಿ ಒಪ್ಪಿಸಿಕೊಳ್ಳಬೇಕು, ಆಮೇಲೆ ತಕರಾರು ಇರುವುದಿಲ್ಲ. ಎಲ್ಲರೂ ದಿನಾ ಊದಬೇಕು, ಬರೀ ಅನುಮಾನದವನೊಬ್ಬನಲ್ಲ. ಹೆಚ್ಚು ಗಾಡಿ ಇರುವವರಿಗೆ ದಿನಾ ಆಗದಿದ್ದರೆ ಹೆಸರಿನ ಚೀಟಿ ಡಬ್ಬಿಗೆ ಹಾಕಿ, ಚೀಟಿ ವ್ಯವಹಾರದಲ್ಲಿ ಎತ್ತುವ ಹಾಗೆ ಎತ್ತಿ. ಯಾರ ಮೇಲೂ ಹಗೆ ಅನ್ನಿಸುವುದಿಲ್ಲ. ಒಬ್ಬೊಬ್ಬರಿಗೆ ಬೇರೆ ಊದುಗೊಳವೆ ಇರಲಿ. ಮೆಷಿನ್ನನ್ನು ಅದರ ಪುಸ್ತಕದಲ್ಲಿ ಹೇಳಿದ ಕಾಲಕ್ಕೆ ಕಳಿಸಿ ಸರಿಮಾಡಿಸಬೇಕು, ಇಲ್ಲದಿದ್ದರೆ ತಕ್ಕಡಿ ಕೆಟ್ಟ ಅಂಗಡಿಯ ಹಾಗೆ. ಅದು 0.03 ತೋರಿಸಿದರೆ ಕಾನೂನಿನ 30 ಮಿಲಿಗ್ರಾಂ ಅಂತ ಅರ್ಥ. ಆದರೆ ಮಕ್ಕಳ ಗಾಡಿಗೆ ನಮ್ಮ ಮನೆಯ ಮಿತಿ ಸೊನ್ನೆ. ತಾರೀಖು, ಹೊತ್ತು, ಬಂದ ಅಂಕಿ, ಸಹಿ, ಇಷ್ಟನ್ನು ಹಾಲಿನ ಲೆಕ್ಕದ ಹಾಗೆ ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ.

ಒಂದು ಎಚ್ಚರಿಕೆ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟದಂಥ ಅರಿಷ್ಟಗಳಲ್ಲಿ, ಕೆಲವು ಹೋಮಿಯೋಪಥಿ ಹನಿಗಳಲ್ಲಿ, ಬಾಯಿ ಮುಕ್ಕಳಿಸುವ ಕೆಲವು ಔಷಧಿಗಳಲ್ಲಿ ಮದ್ಯಸಾರ ಇರುತ್ತದೆ. ಆಗಷ್ಟೇ ಕುಡಿದಿದ್ದರೆ ಮೆಷಿನ್ನು ಕೂಗಿಬಿಡಬಹುದು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವನ ಕಥೆ! ಅದಕ್ಕೆ ಅಂಕಿ ಬಂದ ಕೂಡಲೇ ಗದರಬಾರದು. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ಒಂದು ಕಾಲು ಗಂಟೆ ಕೂರಿಸಿ ಮತ್ತೆ ಊದಿಸಿ. ಬಾಯಿಯದಾದರೆ ಹೋಗಿರುತ್ತದೆ, ರಕ್ತದ್ದಾದರೆ ನಿಂತಿರುತ್ತದೆ. ಈ ಮೆಷಿನ್ನಿಗೆ ಗಾಂಜಾ ಕಾಣುವುದಿಲ್ಲ, ಅದಕ್ಕೆ ಮೂತ್ರದ್ದೋ ಎಂಜಲಿನದೋ ಪರೀಕ್ಷೆ ಬೇಕು. ನೆಗಡಿ, ಕೆಮ್ಮಿನ ಕೆಲವು ಮಾತ್ರೆ ಔಷಧಿಗಳೂ ತೂಕಡಿಕೆ ತರುತ್ತವೆ. ಔಷಧಿ ಕೊಡುವಾಗಲೇ "ಇವರು ಗಾಡಿ ಓಡಿಸುವವರು" ಅಂತ ಡಾಕ್ಟರಿಗೆ ಹೇಳಿ.

ಇಷ್ಟೆಲ್ಲ ಮಾಡಿದ ನಾನು ಒಂದು ಕಡೆ ಎಡವಿದೆ, ಅದನ್ನೂ ಹೇಳಿಬಿಡುತ್ತೇನೆ.

ಮೂರು ತಿಂಗಳು ಸರಿಯಾಗಿ ನಡೆಯಿತು. ದಸರಾ ರಜೆ ಮುಗಿದ ಮೊದಲ ದಿನ ಡ್ರೈವರ್ ಊದಿದ, ಅಂಕಿ ಬಂತು. ಕಾಲು ಗಂಟೆ ಬಿಟ್ಟು ಮತ್ತೆ ಬಂತು. ನಾನು ಕೀ ಕೊಡಲಿಲ್ಲ. ಬದಲಿಗೆ ಗೊತ್ತುಮಾಡಿಟ್ಟಿದ್ದ ಹಿರಿಯ ಡ್ರೈವರೊಬ್ಬರನ್ನು ಕರೆಸಿದೆವು, ಮಕ್ಕಳ ಮನೆಗಳಿಗೆ ಅರ್ಧ ಗಂಟೆ ತಡ ಅಂತ ಫೋನ್ ಮಾಡಿದೆವು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಅಂಗಳದಲ್ಲಿ ನಾಲ್ಕು ಜನರ ಮುಂದೆ ಅವನಿಗೆ ಬೈದುಬಿಟ್ಟೆ. ತುಟಿ ಒಡೆದ ಆ ಮಗು ನೆನಪಾಗಿ ಕೋಪ ಬಂದಿತ್ತು. ಅವನು ತಲೆ ಬಗ್ಗಿಸಿಕೊಂಡು ಹೋದವನು ಮತ್ತೆ ಬರಲಿಲ್ಲ.

ಒಂದು ತಿಂಗಳಾದ ಮೇಲೆ ಸಂತೆಯಲ್ಲಿ ಅವನ ಹೆಂಡತಿ ಸಿಕ್ಕಳು. "ಪಕ್ಕದೂರಲ್ಲಿ ಬೇರೆಯವರ ಗಾಡಿ ಓಡಿಸ್ತಾವ್ರೆ ಅಕ್ಕಾ. ಅದೂ ಸ್ಕೂಲ್ ಗಾಡೀನೇ. ಅಲ್ಲಿ ಊದ್ಸಲ್ಲ. ನೀವು ಕೀ ಕೊಡ್ಲಿಲ್ಲ, ಅವರು ಕೊಟ್ರು" ಅಂದಳು. ದೂರುವ ದನಿ ಇರಲಿಲ್ಲ, ಭಯ ಇತ್ತು. ಸೊಪ್ಪಿನ ಚೀಲ ಹಿಡಿದುಕೊಂಡು ನಾನು ಅಲ್ಲೇ ನಿಂತೆ. ನನ್ನ ಗಾಡಿಯ ಮಕ್ಕಳನ್ನು ಉಳಿಸಿಕೊಂಡು ಪಕ್ಕದೂರಿನ ಮಕ್ಕಳಿಗೆ ಆ ಗಂಡಾಂತರ ದಾಟಿಸಿದ ಹಾಗಾಯಿತಲ್ಲ!

ಅಮೆರಿಕದಲ್ಲಿ ಇದಕ್ಕೂ ಒಂದು ದಾರಿ ಮಾಡಿದ್ದಾರೆ. 2020ರ ಜನವರಿಯಿಂದ ಲಾರಿ, ಬಸ್ಸಿನ ಡ್ರೈವರುಗಳು ಪರೀಕ್ಷೆಯಲ್ಲಿ ಸೋತರೆ ಸರ್ಕಾರದ ಒಂದು ದಾಖಲೆಯಲ್ಲಿ ಸೇರುತ್ತದೆ. ಹೊಸ ಮಾಲೀಕ ಅದನ್ನು ನೋಡದೆ ಕೆಲಸ ಕೊಡುವಂತಿಲ್ಲ. ಆದರೆ ಬಾಗಿಲು ಪೂರ್ತಿ ಹಾಕಿಲ್ಲ. ಆ ವಿಷಯ ತಿಳಿದ ತಜ್ಞರ ಹತ್ತಿರ ಹೋಗಿ, ಹೇಳಿದ ಚಿಕಿತ್ಸೆ ಮುಗಿಸಿ, ಮತ್ತೆ ಪರೀಕ್ಷೆಯಲ್ಲಿ ಗೆದ್ದರೆ ಡ್ರೈವರ್ ಸೀಟಿಗೆ ಬರಬಹುದು. ಬಂದ ಮೇಲೆ ಮೊದಲ 12 ತಿಂಗಳಲ್ಲಿ ಹೇಳದೆ ಕೇಳದೆ ಕಡಿಮೆಯೆಂದರೂ 6 ಪರೀಕ್ಷೆ. ಕೀ ಕಿತ್ತುಕೊಳ್ಳುತ್ತಾರೆ, ಮನುಷ್ಯನನ್ನು ಬಿಸಾಡುವುದಿಲ್ಲ. ನಾನು ಎಡವಿದ್ದು ಇಲ್ಲೇ. ಅಂದು ಅವನನ್ನು ಒಳಗೆ ಕರೆದು, "ಇವತ್ತು ಗಾಡಿ ಬೇಡ. ಗ್ಯಾರೇಜಿನ ಕೆಲಸ ನೋಡಿಕೋ, ನಾಳೆ ಆಸ್ಪತ್ರೆಗೆ ಹೋಗೋಣ" ಅಂದಿದ್ದರೆ ಉಳಿಯುತ್ತಿದ್ದನೋ ಏನೋ.

ಅವನ ಹೆಂಡತಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕುಡಿತ ಬಿಡಿಸುವ ಸಲಹೆಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗ ಇದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕೇಳಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾ ಬಂದಿದ್ದಾರೆ. ಒಂದು ಮಾತು ಮಾತ್ರ ಮರೆಯಬೇಡಿ. ವರ್ಷಗಟ್ಟಲೆ ದಿನಾ ಕುಡಿದವರು ಡಾಕ್ಟರನ್ನು ಕೇಳದೆ ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸು, ಭ್ರಮೆ ಬಂದು ಜೀವಕ್ಕೇ ಅಪಾಯ ಆಗಬಹುದು. ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ಪುಡಿಗಳ ಜಾಹೀರಾತು ನಂಬಿ ದುಡ್ಡು ಕಳೆಯಬೇಡಿ.

ಡ್ರೈವರನ ಕೈಹಿಡಿದ ತಂಗಿಯರೇ, ರಾತ್ರಿ ಕೊನೆಯ ಲೋಟ ಎಷ್ಟು ಹೊತ್ತಿಗೆ ಇಳಿಯಿತು ಅನ್ನುವುದು ನಿಮಗಷ್ಟೇ ಗೊತ್ತು. "ಹುಷಾರಿಲ್ಲ, ಇವತ್ತು ಬರಲ್ಲ" ಅಂತ ಒಂದು ಫೋನ್ ಮಾಡಿ. ಒಂದು ದಿನದ ಸಂಬಳ ಹೋಗುತ್ತದೆ, ನಿಜ, ಸಂಕಟವೇ. ಗಾಡಿ ಇಟ್ಟವರೇ, ಆ ಫೋನ್ ಬಂದರೆ ಕೆಲಸ ಹೋಗುವುದಿಲ್ಲ ಅನ್ನುವ ಧೈರ್ಯವನ್ನು ಅವರಿಗೆ ಕೊಡಿ. ಮಕ್ಕಳನ್ನು ಗಾಡಿ ಹತ್ತಿಸುವ ತಾಯಂದಿರೇ, "ನಿಮ್ಮಲ್ಲಿ ಡ್ರೈವರನ್ನು ಊದಿಸ್ತೀರಾ?" ಅಂತ ಮಾಲೀಕರನ್ನು ಒಂದು ಸಲ ಕೇಳಿ. ಹತ್ತು ಜನ ಕೇಳಿದರೆ ಪಕ್ಕದೂರಿನ ಗಾಡಿಗೂ ಮೆಷಿನ್ನು ಬರುತ್ತದೆ. ನಾನೂ ಆ ಮಾಲೀಕರ ಮನೆಗೆ ಹೋಗಿ, ಅವರ ಹೆಂಡತಿಯ ಹತ್ತಿರ ಕೂತು ಇದನ್ನೇ ಹೇಳಿ ಬಂದೆ. ಅವರ ಮನೆಯಲ್ಲೂ ಕೀ ಇರುವುದು ಅಡುಗೆಮನೆಯಲ್ಲೇ ಅಂತೆ!

ಕಳೆದ ವಾರ ಫೋನ್ ಬಂತು. ಆಕೆಯದೇ, ನಮ್ಮ ಹಳೆಯ ಡ್ರೈವರನ ಹೆಂಡತಿ. "ಅಕ್ಕಾ, ಜಿಲ್ಲಾಸ್ಪತ್ರೇಲಿ ಆ ಡಾಕ್ಟ್ರು ಯಾವ ವಾರ ಸಿಗ್ತಾರೆ? ಇವರೇ ಕೇಳು ಅಂದ್ರು" ಅಂದಳು. ವಿಚಾರಿಸಿ ಹೇಳಿದ್ದೇನೆ.

ಮುಂದಿನ ಸಂಚಿಕೆಯಲ್ಲಿ, ನಿಮ್ಮ ಕಾಗದಗಳಲ್ಲಿ ಬಂದ ಹಪ್ಪಳ ಸಂಡಿಗೆಯ ಉಪಾಯಗಳು.